ರಶ್ಮಿಯ ಬುಧ, ನನ್ನ ಮೂಗು

ಕಳಸದಲ್ಲಿ ಯಾರಾದರೂ ಹಾಲನ್ನು ಒಲೆಯ ಮೇಲಿಟ್ಟು ಮರೆತರೆ, ಆಲ್ದೂರಿನಲ್ಲಿ ಕೂತ ನಾನು "ಹಾಲು ತಳ ಹಿಡೀತು, ಇಳಿಸ್ರೋ" ಎಂದು ಕೂಗುತ್ತಿದ್ದೆ. ಅಂಥ ಮೂಗು ನನ್ನದು. ಅನುಮಾನವಿದ್ದವರು ನಮ್ಮ ಬೀದಿಯಲ್ಲಿ ಕೇಳಿ ನೋಡಬಹುದು; ಅರ್ಧ ಜನ ಹೌದೆನ್ನುತ್ತಾರೆ, ಉಳಿದರ್ಧ ಹೊಟ್ಟೆಕಿಚ್ಚಿನವರು.

ಹೆಸರು ಗುರುವಯ್ಯ. ಆಲ್ದೂರು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಕಾಫಿಪುಡಿ ಅಂಗಡಿ, ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಬೀಜ ಹುರಿಯುವ ಶೆಡ್ಡು. ಯಜಮಾನ ನಮ್ಮಣ್ಣ ಲಿಂಗಪ್ಪ. ಅಂಗಡಿಯಲ್ಲಿ ಕೂರುವವನು ಅವನ ಮಗ ಮಲ್ಲೇಶ್. ಉಗ್ರಾಣದ ಬೀಗದ ಕೈ ಅತ್ತಿಗೆ ಕಲ್ಲಮ್ಮನವರ ಸೊಂಟದಲ್ಲಿ. ನಾನು ಮದುವೆಯಾಗಲಿಲ್ಲ. ನನ್ನನ್ನು ಹುಡುಕಿಕೊಂಡು ಬಂದ ಸಂಬಂಧಗಳು ಮುನ್ನೂರಕ್ಕೆ ಕಡಿಮೆಯಿಲ್ಲ. ಒಬ್ಬಳನ್ನು ಒಪ್ಪಿ ಇನ್ನೂರ ತೊಂಬತ್ತೊಂಬತ್ತು ಜನರನ್ನು ಅಳಿಸುವುದು ಬೇಡವೆಂದು ಸುಮ್ಮನಾದೆ.

ಹುರಿಯುವ ಡ್ರಮ್ಮಿನ ಹತ್ತಿರ ಇಬ್ಬರು: ನಾನು, ಮತ್ತೆ ಮಲ್ಲೇಶನ ಹೆಂಡತಿ ರಶ್ಮಿ. ಮಲ್ಲಂದೂರಿನ ಹುಡುಗಿ. ಮದುವೆಯಾಗಿ ಬಂದ ಮೊದಲ ವರ್ಷ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದಳು, ಎರಡನೇ ವರ್ಷ ಒಲೆಗೆ ಸೌದೆ ತುಂಬಿದಳು, ಮೂರನೇ ವರ್ಷದಿಂದ ಡ್ರಮ್ಮು ಅವಳದೇ. ಅಡುಗೆಮನೆಯಲ್ಲಿ ತಲೆತಗ್ಗಿಸಿ ಓಡಾಡುವವಳು ಡ್ರಮ್ಮಿನ ಮುಂದೆ ನಿಂತರೆ ನಾಲ್ಕು ಇಂಚು ಎತ್ತರವಾಗುತ್ತಿದ್ದಳು. ಮಾತು ಕಡಿಮೆ. ಬೀಜದ ಜೊತೆ ಮಾತ್ರ ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದಳು.

ಆದರೆ ಬೀಜ ಇಳಿಸುವ ಹುಕುಂ ನನ್ನದು. ನಮ್ಮಲ್ಲಿ ಶಾಖ ಅಳೆಯುವ ಯಂತ್ರವಿಲ್ಲ, ನಿಮಿಷ ಎಣಿಸುವ ಪದ್ಧತಿಯಿಲ್ಲ. ನಮ್ಮಪ್ಪನ ಕಾಲದಿಂದ ಕ್ರಮ ಒಂದೇ: ಮನೆಯ ಮೂಗು ಸ್ಟೂಲಿನ ಮೇಲೆ ಕೂರಬೇಕು, ಘಮ ತಿರುಗಿದ ಕ್ಷಣಕ್ಕೆ "ಇಳಿಸು!" ಎಂದು ಕೂಗಬೇಕು. ನನ್ನ ಕೂಗು ಕೇಳಿ ಬಾಳೆಹೊನ್ನೂರಿನ ಬಸ್ಸಿನವನು ಹೊರಡುವ ಹೊತ್ತಾಯಿತೆಂದು ಗೇರು ಹಾಕುತ್ತಿದ್ದ.

ಶ್ರಾವಣದಲ್ಲಿ ನನಗೆ ಜ್ವರ ಬಂತು. ನಿಮಗೆಲ್ಲ ಬರುವಂಥ ಜ್ವರವಲ್ಲ. ಹಣೆಯ ಮೇಲಿಟ್ಟ ಒದ್ದೆಬಟ್ಟೆಯನ್ನು ಅತ್ತಿಗೆ ಇಸ್ತ್ರಿ ಮಾಡಿದಂತೆ ಮಡಿಸಿ ಎತ್ತಿಕೊಂಡು ಹೋಗುತ್ತಿದ್ದರು. ಎಂಟು ದಿನ ಬಿಟ್ಟು ಎದ್ದೆ. ಒಂಬತ್ತನೇ ದಿನ ಸ್ಟೂಲಿನ ಮೇಲೆ ಕೂತೆ. ಡ್ರಮ್ಮು ತಿರುಗುತ್ತಿತ್ತು, ಹೊಗೆ ಏಳುತ್ತಿತ್ತು, ಮೂಗಿಗೆ ಮಾತ್ರ ಏನೂ ಬರಲಿಲ್ಲ. ಕಾಫಿಯಿಲ್ಲ, ಸೌದೆಯಿಲ್ಲ, ನನ್ನದೇ ಬೆವರಿಲ್ಲ.

ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಾನು ಆ ಮನೆಯಲ್ಲಿ ಎರಡು ಹೊತ್ತು ಊಟ ಮಾಡುವ ಒಬ್ಬ ಮುದುಕ, ಅಷ್ಟೇ. ಹಾಗಾಗಿ ಅಂದಾಜಿನ ಮೇಲೆ ಕೂಗತೊಡಗಿದೆ.

"ಚಿಕ್ಕಮಾವ, ಹೊತ್ತಾಯ್ತೇನೋ. ಇಳಿಸ್ಲಾ?" ಎಂದು ರಶ್ಮಿ ಕೇಳುತ್ತಿದ್ದಳು.

"ನಾನು ಹೇಳೋ ತನಕ ಮುಟ್ಬೇಡ. ನೀನು ಹುಟ್ಟೋಕೆ ಮುಂಚೆ ಈ ಸ್ಟೂಲಿನ ಮೇಲೆ ಕೂತವ್ನು ನಾನು."

ನಾನು ಎಲೆಅಡಿಕೆ ಉಗುಳಲು ಎದ್ದು ಹೋದಾಗ ಅವಳು ಇಳಿಸಿಬಿಟ್ಟರೆ ಆ ದಿನದ ಬೀಜ ಹದ. ನಾನು ಕೂತೇ ಇದ್ದರೆ ಆ ದಿನದ್ದು ಇದ್ದಲು. ಹೀಗೆ ಒಂದು ವಾರ ಚೆನ್ನಾಗಿ, ಒಂದು ವಾರ ಕೆಟ್ಟು, ಭಾದ್ರಪದ ಮುಗಿಯುವ ಹೊತ್ತಿಗೆ ದೇವೀರಮ್ಮ ಅಂಗಡಿಗೆ ಬಂದೇಬಿಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಮೆಸ್ಸು ನಡೆಸುವವಳು, ಇಪ್ಪತ್ತು ವರ್ಷದಿಂದ ನಮ್ಮದೇ ಪುಡಿ.

"ಲಿಂಗಪ್ಪಣ್ಣ, ಹೋದ ವಾರ ಅಮೃತ, ಈ ವಾರ ಸುಟ್ಟ ತೆಂಗಿನ ಚಿಪ್ಪು. ಎಂತ ಬೆರೆಸ್ತಿದೀರಿ ಇದ್ಕೆ?" ಎಂದು ಬಾಗಿಲಲ್ಲಿದ್ದ ಅಣ್ಣನನ್ನು ಕೇಳಿ, ಪೊಟ್ಟಣವನ್ನು ಮಲ್ಲೇಶನ ಮುಂದೆ ಕುಕ್ಕಿದಳು. ಅಂಗಡಿಯಲ್ಲಿ ಆಗ ನಾಲ್ಕು ಜನವಿದ್ದರು. ನನ್ನ ಲೆಕ್ಕದಲ್ಲಿ ನಾಲ್ಕು ಸಾವಿರ.

ಮಧ್ಯಾಹ್ನ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ. ಅಣ್ಣ ಒಂದು ತುತ್ತು ಮುರಿದು ಹಾಗೆಯೇ ಇಟ್ಟ.

"ಬೀಜ ಅದೇ, ಡ್ರಮ್ಮು ಅದೇ, ಸೌದೆ ಅದೇ. ಮತ್ತೆ ಕೆಡೋದು ಹೆಂಗೆ? ಮನುಷ್ಯರು ಕೆಟ್ಟಿರ್ಬೇಕು."

"ಒಳ್ಳೆ ಬೀಜ ಎಲ್ಲಿಗೋ ಹೋಗ್ತಾ ಇದೆ," ಎಂದರು ಅತ್ತಿಗೆ. ಮಾತು ಅಣ್ಣನಿಗೆ, ಕಣ್ಣು ರಶ್ಮಿಗೆ. "ಭಾನುವಾರ ಬಂದ್ರೆ ಸಾಕು, ಕೆಲವರ ಕೈಲಿ ಚೀಲ ಇರುತ್ತೆ."

ರಶ್ಮಿ ಭಾನುವಾರ ತವರಿಗೆ ಹೋಗಿಬರುವುದು ಹೌದು, ಕೈಯಲ್ಲಿ ಬಟ್ಟೆಚೀಲ ಇರುತ್ತಿದ್ದುದೂ ಹೌದು.

"ಅಮ್ಮ, ಸುಮ್ನಿರು," ಎಂದ ಮಲ್ಲೇಶ್.

"ಯಾಕೆ ಸುಮ್ನಿರ್ಲಿ? ಹೆಸರು ಹೇಳಿದ್ನಾ?"

ರಶ್ಮಿ ರೊಟ್ಟಿ ಬಡಿಸುತ್ತ, "ಮಾವ, ಒಂದು ಶಾಖ ನೋಡೋ ಮೀಟರು ಹಾಕ್ಸಿದ್ರೆ..." ಎಂದಳು.

"ಮೀಟರು!" ಎಂದೆ ನಾನು. ಎದುರಿದ್ದ ಲೋಟ ಬಿತ್ತು. "ನನ್ ಮೂಗಿಗೆ ಮೀಟರು ಹಾಕ್ತೀಯಾ?"

ಅಣ್ಣ ಕೈ ತೊಳೆದು ತೀರ್ಪು ಹೇಳಿದ: "ದೀಪಾವಳಿ ತನಕ ನೋಡ್ತೀನಿ. ಯಾರಿಂದ ಕೆಡ್ತಿದೆ ಅಂತ ಗೊತ್ತಾಗ್ಬೇಕು. ಆಮೇಲೆ ಅವ್ರು ಶೆಡ್ಡಿನ ಹೊಸ್ತಿಲು ತುಳಿಯಂಗಿಲ್ಲ."

ಆ ಮಾತು ಬಿದ್ದದ್ದೇ ರಶ್ಮಿಯ ಕೈಯ ಸೌಟು ನಿಂತಿತು. ನನ್ನ ಎದೆ ಅದಕ್ಕಿಂತ ಮುಂಚೆ ನಿಂತಿತ್ತು. ಇಂಥ ಸಂಕಟದಲ್ಲಿ ಬೇರೆಯವರ ತಲೆ ಓಡುವುದಿಲ್ಲ, ನನ್ನದು ಕುದುರೆ.

"ಅಣ್ಣ, ಮನುಷ್ಯರ ಗುಣ ತಿಳಿಯಕ್ಕೆ ಊಹೆ ಯಾಕೆ? ಕಳಸದ ಜನಾರ್ದನ ಜೋಯಿಸರು ಗ್ರಹಬಲ ತೆಗೀತಾರೆ. ಯಾವ ಗ್ರಹಕ್ಕೆ ಎಷ್ಟು ಬಲ ಅಂತ ನೋಡಿ ಆಸಾಮಿ ಸುಳ್ಳನೋ ಸತ್ಯವಂತನೋ ಹೇಳಿಬಿಡ್ತಾರೆ. ಮನೆಯವರೆಲ್ಲರದ್ದೂ ನೋಡ್ಸೋಣ."

ಅತ್ತಿಗೆ ತಕ್ಷಣ ಒಪ್ಪಿದರು. ಮನೆಯಲ್ಲಿ ಯಾರ ಜಾತಕವೂ ಬರೆಸಿಟ್ಟಿರಲಿಲ್ಲ. ಮಲ್ಲೇಶ್ ಐದೂ ಜನರ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಿ ಕೊಟ್ಟ. ರಶ್ಮಿ ಮಾತ್ರ ತಾನು ಹುಟ್ಟಿದ ಆಸ್ಪತ್ರೆಯ ಹಳೇ ಚೀಟಿ ಹುಡುಕಿ ತಂದಳು. ದಿನ, ಗಂಟೆ, ನಿಮಿಷ ಎಲ್ಲ ಅದರಲ್ಲಿತ್ತು. ಇಷ್ಟು ಸಲೀಸಾಗಿ ತಂದುಕೊಟ್ಟಳಲ್ಲ, ಇದರಲ್ಲೇನೋ ಇದೆ ಎಂದು ನಾನು ಅನುಮಾನಿಸಿದೆ.

ಜನಾರ್ದನ ಜೋಯಿಸರು ಮೇಷ್ಟರಾಗಿ ನಿವೃತ್ತರಾದವರು. ಕಂಪ್ಯೂಟರಿನಲ್ಲಿ ತಾರೀಖು ಹೊಡೆದು, ಬಂದ ಕಾಗದದ ಮೇಲೆ ಪೆನ್ಸಿಲಿನಿಂದ ಗೀಟು ಹಾಕುತ್ತ ಹೇಳಿದರು.

"ನೋಡಿ ಗುರುವಯ್ಯನವ್ರೆ, ಗ್ರಹಕ್ಕೆ ಬಲ ಆರು ಥರ. ಕೂತ ಮನೆಯಿಂದ, ದಿಕ್ಕಿನಿಂದ, ಹೊತ್ತಿನಿಂದ, ನಡಿಗೆಯಿಂದ, ಹುಟ್ಟುಗುಣದಿಂದ, ಬೇರೆಯವರ ದೃಷ್ಟಿಯಿಂದ. ಆರನ್ನೂ ಕೂಡಿದ್ರೆ ಒಟ್ಟು ಬಲ. ಅದ್ರ ಮೇಲೆ ಮನುಷ್ಯನ ಸ್ವಭಾವ."

"ನಂದು ಹೇಳಿ ಮೊದ್ಲು."

"ಜೂನ್ ಒಂದು, ಅರವತ್ತೆರಡು. ಗಂಟೆ?"

"ಸೂರ್ಯ ಹುಟ್ಟೋ ಹೊತ್ತಿಗೆ ಸರಿಯಾಗಿ. ನನ್ನ ನೋಡಿನೇ ಅವ್ನು ಹುಟ್ಟಿದ್ದಂತೆ."

ಜೋಯಿಸರು ಕನ್ನಡಕ ಏರಿಸಿದರು. "ಕುಜ ಮೇಷದಲ್ಲಿ, ಸ್ವಂತ ಮನೆ. ಶನಿ ಮಕರದಲ್ಲಿ, ಅದೂ ಸ್ವಂತ ಮನೆ. ಈ ಜಾತಕದವ್ನಿಗೆ ಧೈರ್ಯ, ನ್ಯಾಯ, ಹೇಳಿದ್ದನ್ನ ಮಾಡಿ ತೀರೋ ಗುಣ ಇರ್ಬೇಕು."

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಗ್ರಹಗಳು ಕೊನೆಗಾದರೂ ಒಪ್ಪಿಕೊಂಡವಲ್ಲ ಎನ್ನಿಸಿತು, ಅಷ್ಟೇ.

ರಶ್ಮಿಯ ಹಾಳೆ ಬಂದಾಗ ಪೆನ್ಸಿಲು ನಿಂತಿತು. "ಬುಧ ಮೀನದಲ್ಲಿ ನೀಚ. ಬಲ ಅಳೆಯೋದು ರೂಪದ ಲೆಕ್ಕದಲ್ಲಿ; ಅವ್ನಿಗೆ ಏಳು ರೂಪದಷ್ಟಾದ್ರೂ ಬೇಕು, ಈ ಮಗುಗೆ ಐದೂ ಇಲ್ಲ. ಬುಧ ಅಂದ್ರೆ ಮಾತು ಮಾರಾಯ್ರೆ. ಇವ್ಳಿಗೆ ತನ್ನ ಪರ ವಾದ ಮಾಡಕ್ಕೆ ಬರಲ್ಲ. ಬೇರೆಯವರ ತಪ್ಪು ತಲೆ ಮೇಲೆ ಬಂದ್ರೂ ಬಾಯಿ ಬಿಡಲ್ಲ. ಮನೇಲಿ ಸ್ವಲ್ಪ ನೋಡ್ಕೊಳಿ ಅಂತ ಹೇಳಿ."

"ಹೇಳ್ತೀನಿ," ಎಂದೆ.

ಕಳಸದಿಂದ ಆಲ್ದೂರಿಗೆ ಬರುವ ತಿರುವುಗಳನ್ನು ನೀವು ಕಂಡಿದ್ದೀರಿ. ಒಂದೊಂದು ತಿರುವಿಗೂ ಜೋಯಿಸರ ಮಾತು ಒಂದೊಂದು ಮಗ್ಗುಲಿಗೆ ವಾಲಿತು. ಬಸ್ಸು ಇಳಿಯುವ ಹೊತ್ತಿಗೆ ಅದು ಹೀಗಾಗಿತ್ತು: "ಬುಧ ನೀಚ. ಈಕೆಯ ಮಾತು ನಂಬಬೇಡಿ."

ಅದನ್ನೇ ಸಂಜೆ ಎಲ್ಲರ ಮುಂದೆ ಓದಿದೆ. ಕಾಗದದಲ್ಲಿ ಬರೀ ಅಂಕಿಯಿತ್ತು, ಓದಿದ್ದು ನಾನು. ಅತ್ತಿಗೆ ಎರಡೂ ಕೆನ್ನೆಗೆ ಕೈಯಿಟ್ಟುಕೊಂಡರು. ಅಣ್ಣ ಹಾಳೆಯನ್ನು ಬೆಳಕಿಗೆ ಹಿಡಿದು, "ಐದೂ ಇಲ್ವಾ?" ಎಂದ, ಪರೀಕ್ಷೆಯಲ್ಲಿ ಫೇಲಾದವರನ್ನು ಕೇಳುವಂತೆ.

"ನಂಗೆ ಏನು ಬಂದಿದೆ ಚಿಕ್ಕಪ್ಪ?" ಎಂದು ಮಲ್ಲೇಶ್ ಕೇಳಿದ.

"ನಿಂಗೆ ಚಂದ್ರ ಕ್ಷೀಣ. ಹೆಂಡ್ತಿ ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀಯ."

ಅವನು ತಲೆ ಆಡಿಸುವುದನ್ನು ಅಂದೇ ನಿಲ್ಲಿಸಿದ. ನನ್ನ ಸಾಮರ್ಥ್ಯ ಅಷ್ಟಿತ್ತು.

ಆಮೇಲಿನ ಮೂರು ವಾರ ಮನೆಯಲ್ಲಿ ಗ್ರಹಗಳೇ ಊಟಕ್ಕೆ ಕೂತವು. ಸಾರಿಗೆ ಉಪ್ಪು ಹೆಚ್ಚಾದರೆ ಬುಧ. ಹಾಲು ಕಡಿಮೆಯಾದರೆ ಬುಧ. ರಶ್ಮಿ "ಸಕ್ಕರೆ ಮುಗೀತು ಅತ್ತೆ" ಎಂದರೆ ಅತ್ತಿಗೆ ಎದ್ದು ಹೋಗಿ ಡಬ್ಬಿ ಅಲ್ಲಾಡಿಸಿ ನೋಡಿ ಬರುತ್ತಿದ್ದರು. ಬೆಳಿಗ್ಗೆ ಕಾಫಿ ಲೋಟವನ್ನು ಅಣ್ಣ ಮೂಸಿ, ಮಲ್ಲೇಶನಿಗೆ ಕೊಟ್ಟು, ಅವನು ಮೂಸಿ ವಾಪಸ್ಸು ಕೊಟ್ಟ ಮೇಲೆ ಕುಡಿಯುತ್ತಿದ್ದ. ನಾನೂ ಮೂಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ಮೂಸುತ್ತಿದ್ದೆ.

ನವರಾತ್ರಿ ಕಳೆದ ಭಾನುವಾರ ರಶ್ಮಿ ಚೀಲ ಹಿಡಿದು ಹೊಸ್ತಿಲು ದಾಟುವಾಗ ಅತ್ತಿಗೆ ಅಡ್ಡ ನಿಂತರು.

"ಬಿಚ್ಚು ಅದನ್ನ."

"ಅತ್ತೆ, ಬೇಡ."

"ಬೇಡ ಅಂದ್ರೆ ಇದೆ ಅಂತಾಯ್ತು. ಬಿಚ್ಚು."

ಅತ್ತಿಗೆಯೇ ಕಸಿದು ಜಗುಲಿಯ ಮೇಲೆ ಸುರಿದರು. ಒಳ್ಳೆಯ ಬೀಜ ಸುರಿಯುತ್ತದೆಂದು ಎಲ್ಲರೂ ಕಾದಿದ್ದೆವು. ಬಿದ್ದದ್ದು ಕಪ್ಪು, ಎಣ್ಣೆ ಕಕ್ಕಿದ, ಇದ್ದಲಿನಂಥ ಬೀಜ. ನಾನು ಕೂತಿದ್ದ ದಿನಗಳ ಬೀಜ.

"ಇದೇನೇ?" ಎಂದ ಅಣ್ಣ.

"ಮಾರೋ ಹಂಗಿರ್ಲಿಲ್ಲ ಮಾವ. ಪುಡಿಗೆ ಹೋಗೋದು ಬೇಡ ಅಂತ ಆದಷ್ಟು ತೆಗ್ದೆ. ತವರಲ್ಲಿ ಗೊಬ್ಬರದ ಗುಂಡಿಗೆ ಹಾಕ್ತೀನಿ."

"ಸುಡೋಳೂ ಇವ್ಳೇ, ಮುಚ್ಚೋಳೂ ಇವ್ಳೇ!" ಎಂದರು ಅತ್ತಿಗೆ. "ಜೋಯಿಸರು ಸುಮ್ನೆ ಹೇಳಿದ್ರಾ?"

ರಶ್ಮಿ ನನ್ನ ಕಡೆ ನೋಡಿದಳು. ಒಂದೇ ಸಲ. ನಾನು ಜಗುಲಿಯ ಕಂಬದಲ್ಲಿ ಗೆದ್ದಲು ಹತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದೆ.

"ನಾಳೆಯಿಂದ ನೀನು ಅಡುಗೆಮನೆ ನೋಡ್ಕೊ," ಎಂದ ಅಣ್ಣ. "ಡ್ರಮ್ಮು ಮಲ್ಲೇಶ್ ನೋಡ್ತಾನೆ."

ಅವಳು ಶೆಡ್ಡಿಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ತನ್ನ ಹಳೇ ಏಪ್ರನ್ನು ಮಡಿಸಿ ತಂದು ಟ್ರಂಕಿನಲ್ಲಿಟ್ಟಳು. ಅಂದು ತವರಿಗೂ ಹೋಗಲಿಲ್ಲ.

ಮರುದಿನ ಅವಳು ಒಂದು ಮುಚ್ಚಿದ ಡಬ್ಬಿ ತಂದು ಜಗುಲಿಯಲ್ಲಿ ಒಬ್ಬನೇ ಕೂತಿದ್ದ ನನ್ನ ಮೂಗಿನ ಕೆಳಗೆ ಹಿಡಿದು ಒಂದಿಷ್ಟೇ ತೆರೆದಳು.

"ಚಿಕ್ಕಮಾವ, ಇದು ಯಾವ ಕಾಫಿ ಬೀಜ, ಪೀಬೇರಿನೋ ಚೆರಿನೋ? ಉಗ್ರಾಣದಲ್ಲಿ ಬೆರೆತು ಹೋಗಿದೆ."

"ಪೀಬೇರಿ," ಎಂದೆ ಕಣ್ಣು ಮುಚ್ಚಿ. "ಫಸ್ಟ್ ಕ್ಲಾಸ್ ಪೀಬೇರಿ. ನಾಲ್ಕು ಸಾವಿರ ಅಡಿ ಮೇಲಿನ ತೋಟದ್ದು."

ಡಬ್ಬಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ನಾನು ಮುಚ್ಚಳ ತೆಗೆದೆ. ಇಂಗು. ಇಡೀ ಬೀದಿಯೇ ಮೂಗು ಮುಚ್ಚಿಕೊಳ್ಳುವಷ್ಟು ಇಂಗು.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಇವಳು ಹೇಳುತ್ತಾಳೆ, ಇವತ್ತು ಹೇಳುತ್ತಾಳೆ. ಅವಳು ಮಲ್ಲೇಶನ ಕಿವಿಯಲ್ಲಿ ಏನಾದರೂ ಅಂದರೆ ನಾನು ಕಂಬದ ಹಿಂದೆ. ಫೋನು ಹಿಡಿದರೆ ನಾನು ಕಿಟಕಿಯ ಕೆಳಗೆ; "ತೆಂಗಿನಕಾಯಿ ತುರಿದಿಟ್ಟಿದೀನಿ" ಎನ್ನುತ್ತಿದ್ದಳು. ತೆಂಗಿನಕಾಯಿ ಅಂದರೆ ಏನರ್ಥ ಎಂದು ಎರಡು ದಿನ ಯೋಚಿಸಿದೆ. ಅವಳು ಯಾರಿಗೂ ಏನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ಅನುಮಾನ.

ಇತ್ತ ಮಲ್ಲೇಶ್ ಡ್ರಮ್ಮಿಗೆ ನಿಂತಿದ್ದ. ನಾನು ಸ್ಟೂಲಿನ ಮೇಲೆ. ತಡವಾಗಬಾರದೆಂದು ಬೇಗ ಕೂಗಿದೆ, ಹಸಿ ಉಳಿಯಿತು. ಮಾರನೇ ದಿನ ತಡೆದು ಕೂಗಿದೆ. ಬೀಜಕ್ಕೇ ಬೆಂಕಿ ಹತ್ತಿ ಶೆಡ್ಡಿನಿಂದ ಎದ್ದ ಹೊಗೆಗೆ ಮುಳ್ಳಯ್ಯನಗಿರಿ ಕಾಣದಾಯಿತು.

"ಚಿಕ್ಕಪ್ಪ, ನಿಮಗೆ ಸುಟ್ಟ ವಾಸನೆ ಬರ್ಲಿಲ್ವಾ?" ಎಂದು ಮಲ್ಲೇಶ್ ಕೆಮ್ಮುತ್ತ ಕೇಳಿದ.

"ಬಂತು. ನಿಂಗೆ ಬರುತ್ತೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ."

ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ.

ದೀಪಾವಳಿಗೆ ನಾಲ್ಕು ದಿನವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಜನಾರ್ದನ ಜೋಯಿಸರೇ ಬಾಗಿಲಲ್ಲಿ! ಚಿಕ್ಕಮಗಳೂರಿಗೆ ಹೊರಟವರು, ಬಸ್ಸು ಬದಲಿಸುವಾಗ ಅರ್ಧ ಗಂಟೆ ಸಿಕ್ಕಿತಂತೆ. ಅತ್ತಿಗೆ ಓಡಿ ಮಣೆ ಹಾಕಿದರು. ರಶ್ಮಿ ಒಲೆಯ ಮೇಲೆ ಹಾಲಿಟ್ಟು ಬಾಗಿಲ ಮರೆಗೆ ಬಂದು ನಿಂತಳು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತೆ. ಓಡುವುದಾದರೆ ಹಿತ್ತಿಲ ದಾರಿ ಹತ್ತಿರ.

"ಜೋಯಿಸರೆ, ನೀವು ಹೇಳಿದ್ದು ಅಕ್ಷರ ಅಕ್ಷರ ನಿಜ ಆಯ್ತು," ಎಂದರು ಅತ್ತಿಗೆ.

"ಯಾವ್ದು?"

"ಅದೇ, ಬುಧ ನೀಚ ಅಂದ್ರೆ ಸುಳ್ಳುಬುರುಕರು ಅಂತ."

ಜೋಯಿಸರು ಬಾಯಿಯ ಹತ್ತಿರ ಒಯ್ದಿದ್ದ ನೀರಿನ ಲೋಟ ಇಳಿಸಿದರು. "ನಾನೆಲ್ಲಿ ಹಾಗಂದೆ? ತನ್ನ ಪರ ಮಾತಾಡಕ್ಕೆ ಬರಲ್ಲ, ಬೇರೆಯವರ ತಪ್ಪು ತಲೆ ಮೇಲೆ ಬಂದ್ರೂ ಬಾಯಿ ಬಿಡಲ್ಲ, ಮಗೂನ ನೋಡ್ಕೊಳಿ ಅಂತ ಹೇಳಿ ಕಳ್ಸಿದ್ದೆ."

ನಾನು ಹಿತ್ತಿಲ ದಾರಿಯ ಕಡೆ ಇನ್ನೊಂದು ಗೇಣು ಸರಿದೆ.

"ಇನ್ನೊಂದು," ಎಂದರು ಜೋಯಿಸರು. "ಆಲ್ದೂರಿನಿಂದ ಈ ತಿಂಗಳು ಮೂರು ಜನ ಬಂದ್ರು. ಮೂವರದೂ ಜೂನ್ ಒಂದು ಅರವತ್ತೆರಡೇ. ಎಂತದು ಮಾರಾಯ್ರೆ, ಆ ದಿನ ಊರಿಗೆ ಊರೇ ಹುಟ್ಟಿತಾ? ಒಬ್ಬ ನಾಗೇಶ ಅಂತ."

ನಾಗೇಶ ಯಾರೆಂದರೆ, ಮದುವೆ ಮನೆಗೆ ಹಳೇ ಚಪ್ಪಲಿಯಲ್ಲಿ ಬಂದು ಹೊಸ ಚಪ್ಪಲಿಯಲ್ಲಿ ಹೋಗುವವನು. ಒಂದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತಿದ್ದ.

ಅಣ್ಣ ನಗತೊಡಗಿದ. "ಅಯ್ಯೋ, ಅದು ಶಾಲೆಗೆ ಸೇರ್ಸೋವಾಗ ಹೆಡ್‌ಮೇಷ್ಟ್ರು ಬರ್ಕೊಂಡಿದ್ದು! ಯಾರಿಗೆ ಹುಟ್ಟಿದ ದಿನ ಗೊತ್ತಿತ್ತು? ಹುಡುಗರನ್ನ ಸಾಲಾಗಿ ನಿಲ್ಸಿ ಎಲ್ಲರಿಗೂ ಜೂನ್ ಒಂದು ಹಾಕಿದ್ರು. ಅದೇ ಆಧಾರಿಗೂ ಬಂತು. ಇವ್ನು ಹುಟ್ಟಿದ್ದು ಗೌರಿ ಹಬ್ಬದ ಮಾರನೇ ದಿನ. ಮಧ್ಯಾಹ್ನ, ಅಮ್ಮ ಒತ್ತು ಶ್ಯಾವಿಗೆ ಒತ್ತುತ್ತಾ ಇದ್ಲು."

"ನಂಗಂತೂ ಜನವರಿ ಒಂದು ಹೊಡ್ದಿದಾರೆ," ಎಂದರು ಅತ್ತಿಗೆ ಸಣ್ಣ ದನಿಯಲ್ಲಿ.

"ಹಾಗಾದ್ರೆ," ಎಂದರು ಜೋಯಿಸರು, "ಈ ಮನೆಯ ಹಿರಿಯರದೆಲ್ಲ ಮೇಷ್ಟ್ರ ಗ್ರಹ. ಆಸ್ಪತ್ರೆ ಚೀಟಿ ಇದ್ದ ಈ ಮಗುವಿನದು ಮಾತ್ರ ನಂಬೋ ಜಾತಕ."

ನನ್ನ ಕುಜ, ನನ್ನ ಶನಿ, ಎರಡೂ ಸ್ವಂತ ಮನೆ ಬಿಟ್ಟು ನಾಗೇಶನ ಹಿಂದೆ ಹೊರಟುಹೋದವು. ಅಣ್ಣನ ನಗು ನಿಂತಿತ್ತು.

"ಗುರುವಯ್ಯ, ಜೋಯಿಸರು ಹೇಳಿದ್ದೊಂದು, ನೀನು ಓದಿದ್ದೊಂದು. ಯಾಕೆ?"

ನಾನು ಬಾಯಿ ತೆರೆದೆ. ಐವತ್ತು ಉತ್ತರ ಸಿದ್ಧವಿದ್ದವು, ಯಾವುದನ್ನು ಕೊಡಲಿ ಎಂದು ಆರಿಸುತ್ತಿದ್ದೆ. ಆಗ ಎಲ್ಲರ ಮುಖವೂ ಒಟ್ಟಿಗೆ ನನ್ನ ಕಡೆ ತಿರುಗಿತು. ಜೋಯಿಸರು ಶಲ್ಯದಿಂದ ಮೂಗು ಮುಚ್ಚಿಕೊಂಡರು. ಮಲ್ಲೇಶ್ ಎದ್ದು ನಿಂತ. ನನ್ನ ಮೇಲೆ ಇಷ್ಟು ಸಿಟ್ಟೇ ಎಂದುಕೊಂಡೆ.

"ಏನಾಯ್ತು?" ಎಂದೆ.

ಅತ್ತಿಗೆ ನನ್ನನ್ನು ದಾಟಿ ಒಳಗೆ ಓಡಿದರು. ನನ್ನ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ತಳ ಹಿಡಿದು, ಕರಿ ಹೊಗೆ ಬಾಗಿಲಿಗೆ ಬಂದಿತ್ತು. ಕಳಸದ ಹಾಲಿಗೆ ಆಲ್ದೂರಿನಿಂದ ಕೂಗುತ್ತಿದ್ದವನು ನಾನು.

ಅತ್ತಿಗೆ ಸುಟ್ಟ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೂ ರಶ್ಮಿಯನ್ನೂ ನೋಡಿದರು.

"ಯಾವಾಗಿಂದ?" ಎಂದ ಅಣ್ಣ.

"ಜ್ವರದಿಂದ," ಎಂದೆ. ಅಷ್ಟು ಸಣ್ಣ ಉತ್ತರವನ್ನು ನಾನು ಜನ್ಮದಲ್ಲಿ ಕೊಟ್ಟಿರಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದು ಅತ್ತಿಗೆ ರಶ್ಮಿಯನ್ನು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. "ಮತ್ತೆ ಚೀಲ ಸುರಿದಾಗ ಬಾಯಿ ಬಿಡಕ್ಕೆ ಏನಾಗಿತ್ತೇ?"

"ಚಿಕ್ಕಮಾವ ಅಲ್ಲೇ ಇದ್ರಲ್ಲ ಅತ್ತೆ. ಅವ್ರೇ ಹೇಳ್ಲಿ ಅಂತ ಕಾದೆ."

ಅವಳು ಬೈದಿದ್ದರಾದರೂ ತಡೆದುಕೊಳ್ಳುತ್ತಿದ್ದೆ.

ಮರುದಿನ ಏಪ್ರನ್ನು ಮತ್ತೆ ಗೂಟಕ್ಕೆ ಬಂತು. ಅತ್ತಿಗೆಯೇ ಒಗೆದು ಒಣಗಿಸಿ ನೇತುಹಾಕಿದ್ದರು. ನಾನು ಸ್ಟೂಲನ್ನು ಎತ್ತಿ ಮೂಲೆಗಿಡಲು ಹೋದೆ.

"ಅದು ಅಲ್ಲೇ ಇರ್ಲಿ," ಎಂದಳು ರಶ್ಮಿ. "ಹೊತ್ತು ನೋಡೋದು ನಾನು. ಕೂಗೋದು ನೀವು."

ಅವಳು ಡ್ರಮ್ಮಿಗೆ ಕಿವಿಕೊಟ್ಟು, ಬೀಜ ಚಟಪಟ ಎನ್ನುವುದನ್ನು ಆಲಿಸಿ, ಬೆರಳೆತ್ತಿದಳು. "ಇಳಿಸು!" ಎಂದು ಕೂಗಿದೆ. ಬಸ್ಸು ಹೊರಟಿತು.

ದೀಪಾವಳಿ ಕಳೆದು ದೇವೀರಮ್ಮ ಬಂದಳು. ನಾನೇ ಅಂಗಡಿಯ ಮುಂದಿದ್ದೆ, ರಶ್ಮಿ ಪುಡಿ ತೂಗುತ್ತಿದ್ದಳು.

"ಗುರುವಯ್ಯನವ್ರೆ, ಮೊನ್ನೆ ತಗೊಂಡು ಹೋದ ಪುಡಿ ಅಂದ್ರೆ ಪುಡಿ! ನಿಮ್ಮ ಮೂಗು ಮೂಗೇ."

ಇಂಥ ಮಾತಿಗೆ ನಾನು ಯಾವತ್ತೂ ಅಡ್ಡ ಬಂದವನಲ್ಲ. ಆ ದಿನ ಅದೇನಾಯಿತೋ.

"ನನ್ ಮೂಗಲ್ಲ ದೇವೀರಮ್ಮ. ನಂಗೆ ವಾಸನೆಯೇ ಬರಲ್ಲ. ಹದ ನೋಡೋದು ರಶ್ಮಿ."

ದೇವೀರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗಿ ಮಾರಾಯ್ರೆ! ನಿಮ್ಮ ಬುರುಡೆ ಇವತ್ತು ನಿನ್ನೆಯದಾ? ಯಾರಾದ್ರೂ ನಂಬೋರಿಗೆ ಹೇಳಿ."

ಆಣೆ ಮಾಡಿದೆ. ಇನ್ನೂ ಹೆಚ್ಚು ನಕ್ಕಳು. ಬಾಳಿನಲ್ಲಿ ಹೇಳಿದ ಒಂದೇ ಒಂದು ನಿಜ, ಅದೂ ಮಾರಾಟವಾಗದೆ ಕೈಯಲ್ಲೇ ಉಳಿಯಿತು. ನಾನು ರಶ್ಮಿಯ ಕಡೆ ನೋಡಿದೆ. ಅವಳು ತಕ್ಕಡಿಯಿಂದ ಪೊಟ್ಟಣ ತೆಗೆದು, ಬಾಯಿ ಮಡಿಸಿ, ದಾರ ಕಟ್ಟಿದಳು. ಈಗಲೂ ಸುಮ್ಮನಿರುತ್ತಾಳೆ ಎಂದುಕೊಂಡೆ.

"ನಿಜ ದೇವೀರಮ್ಮ," ಎಂದಳು. "ನಾನೇ ಹುರಿಯೋದು."

ದೇವೀರಮ್ಮನ ನಗು ಅಲ್ಲಿಗೇ ನಿಂತಿತು. ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಹೌದಾ ಮಗ? ಹಾಗಾದ್ರೆ ಬರೋ ವಾರದ್ದೂ ನಿಂಗೇ ಹೇಳಿಟ್ಟು ಹೋಗ್ತೀನಿ," ಎಂದಳು.